ಕುರ್ಚಿ, ಮಂಚದ ಸೆನ್ಸರ್ ಹೇಳೋ ಎದೆಬಡಿತ ನಂಬಬಹುದಾ? ಖಾಲಿ ಕುರ್ಚಿಯೂ 72 ತೋರಿಸುತ್ತಿದೆ

ಹಿತ್ತಲ ಕಿಟಕಿ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 78 ವರ್ಷ. ಎದೆಬಡಿತದ ಮೇಲೆ ಒಂದು ಕಣ್ಣಿಟ್ಟಿರಿ ಅಂತ ಡಾಕ್ಟರು ಹೇಳಿದ್ದಾರೆ. ಕೈಗೆ ವಾಚ್ ಕಟ್ಟಿದರೆ ಹತ್ತು ನಿಮಿಷಕ್ಕೆ ಬಿಚ್ಚಿಡುತ್ತಾರೆ. ಬೆರಳಿಗೆ ಕ್ಲಿಪ್ ಹಾಕಿದರೆ ಕೈ ಕೊಡವುತ್ತಾರೆ. ಚರ್ಮ ತುಂಬಾ ತೆಳು, ಪಟ್ಟಿ ತಾಗಿದ ಕಡೆಯೆಲ್ಲ ಕೆಂಪಾಗುತ್ತದೆ. ಬಲವಂತ ಮಾಡೋಕೆ ನನಗೆ ಮನಸ್ಸಿಲ್ಲ.

ಮೈಗೆ ಏನೂ ತಾಗಿಸದೆ, ಕೂರೋ ಕುರ್ಚಿಯಲ್ಲೋ ಮಲಗೋ ಮಂಚದಲ್ಲೋ ಸೆನ್ಸರ್ ಇಟ್ಟು ಬಡಿತ ಎಣಿಸಬಹುದು ಅಂತ ಓದಿದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಸೋಲ್ಡರ್ ಮಾಡೋದು, ಸಣ್ಣ ಪ್ರೋಗ್ರಾಂ ಬರೆಯೋದು ಬರುತ್ತದೆ. ಅಮ್ಮನ ಕುರ್ಚಿಯ ಮೆತ್ತೆ ಕೆಳಗೆ ಒಂದು ಪೀಜೋ ಬಿಲ್ಲೆ ಇಟ್ಟೆ, ಒತ್ತಿದರೆ ಅದುರಿದರೆ ಸಣ್ಣ ಕರೆಂಟು ಹುಟ್ಟಿಸೋ ಬಿಲ್ಲೆ. 100 ಮಿಲಿಸೆಕೆಂಡಿಗೊಮ್ಮೆ ಓದು ಅಂತ ಬರೆದೆ. 200 ಓದುಗಳಲ್ಲಿ ಎದ್ದು ಕಾಣೋ ಲಯ ಯಾವುದು ಅಂತ ಹುಡುಕಿ ನಿಮಿಷದ ಲೆಕ್ಕಕ್ಕೆ ತಂದೆ. 72 ಬಂತು. ಆಗಾಗ 69, 75. ಎಷ್ಟು ಖುಷಿಯಾಯಿತು ಅಂದರೆ ಅಮ್ಮನನ್ನೇ ಕರೆದು ತೋರಿಸಿದೆ.

ಅಮ್ಮ ನೋಡೋಕೆ ಅಂತ ಎದ್ದು ಬಂದರು. ಕುರ್ಚಿ ಖಾಲಿ. ಪರದೆ ಮೇಲೆ ಮಾತ್ರ 72 ಹಾಗೇ ಓಡುತ್ತಿತ್ತು. ಆಗ ಕೈಕಾಲು ತಣ್ಣಗಾದವು. ಇದು ಏನನ್ನು ಅಳೆಯುತ್ತಿದೆ?

ಹೊಸ ಓದುಗ:
ಫ್ಯಾನ್ ಅದುರೋದು ಇರಬಹುದಾ? ಫ್ರಿಜ್ ಹತ್ತಿರ ಇದೆಯಾ?

ಹಿತ್ತಲ ಕಿಟಕಿ:
ಎರಡೂ ಆಫ್ ಮಾಡಿ ನೋಡಿದೆ. ಕುರ್ಚಿಯನ್ನು ಇನ್ನೊಂದು ಕೋಣೆಗೂ ಒಯ್ದೆ. ಅದೇ 72.

ಬೆಸುಗೆ ಕಡ್ಡಿ:
ಒಂದು ಕೆಲಸ ಮಾಡ್ತೀರಾ? ಹತ್ತು ನಿಮಿಷದಲ್ಲಿ ಪ್ರೋಗ್ರಾಂ ನಿಜವಾಗಿ ಎಷ್ಟು ಸಲ ಓದುತ್ತದೆ ಅಂತ ಎಣಿಸಿ ಹೇಳಿ. ನಿಮ್ಮ ಲೆಕ್ಕದ ಪ್ರಕಾರ 6000 ಬರಬೇಕು. ಹಾಗೇ, ನಿಮ್ಮ ಮನೆ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು, ತಾನೇ?

ಹಿತ್ತಲ ಕಿಟಕಿ:
ಎಣಿಸಿದೆ. 5859. ಹೌದು, 50 ಹರ್ಟ್ಜ್.

ಬೆಸುಗೆ ಕಡ್ಡಿ:
ಹಾಗಾದರೆ ಸಿಕ್ಕಿಬಿತ್ತು. ನೀವು 100 ಮಿಲಿಸೆಕೆಂಡು ಕಾಯಿ ಅಂತ ಬರೆದಿದ್ದೀರಿ. ಆದರೆ ಓದೋದಕ್ಕೆ, ಅಂಕಿ ಕಳಿಸೋದಕ್ಕೆ ಇನ್ನೊಂದಿಷ್ಟು ಹೊತ್ತು ಬೇಕಲ್ವಾ? ಅದೂ ಸೇರಿ ಒಂದು ಓದಿಗೆ 102.4 ಮಿಲಿಸೆಕೆಂಡು ಆಗುತ್ತಿದೆ.

ಪೀಜೋ ಬಿಲ್ಲೆ ಮತ್ತು ಅದರ ವೈರು ಗೋಡೆಯೊಳಗಿನ ಕರೆಂಟಿನ ಗುನುಗನ್ನು ಆಂಟೆನಾ ಥರ ಹಿಡಿಯುತ್ತವೆ. 102.4 ಮಿಲಿಸೆಕೆಂಡಿನಲ್ಲಿ 50 ಹರ್ಟ್ಜ್ ಅಲೆ 5.12 ಸುತ್ತು ಹಾಕುತ್ತದೆ. ಪೂರ್ತಿ 5 ಸುತ್ತು ನಿಮ್ಮ ಪ್ರೋಗ್ರಾಂಗೆ ಕಾಣಲ್ಲ, ಎರಡು ಓದಿನ ಮಧ್ಯೆ ನುಣುಚಿ ಹೋಗುತ್ತವೆ. ಉಳಿದ 0.12 ಸುತ್ತು ಮಾತ್ರ ಕಾಣುತ್ತದೆ. ಸಿನಿಮಾದಲ್ಲಿ ವೇಗವಾಗಿ ಓಡೋ ಬಂಡಿಯ ಚಕ್ರ ನಿಧಾನವಾಗಿ ತಿರುಗಿದ ಹಾಗೆ ಕಾಣುತ್ತದಲ್ಲ, ಅದೇ ಇದು. ಸೆಕೆಂಡಿಗೆ 10 ಸಲ ಓದುತ್ತಿದ್ದೇನೆ ಅಂತ ಪ್ರೋಗ್ರಾಂ ನಂಬಿದೆ. 0.12ನ್ನು 10ರಿಂದ ಗುಣಿಸಿ 1.2, ಅದನ್ನು 60ರಿಂದ ಗುಣಿಸಿ 72.

69, 75 ಬಂದದ್ದಕ್ಕೂ ಇದೇ ಕಾರಣ ಇರಬಹುದು. ಕರೆಂಟು ಯಾವಾಗಲೂ ಕರಾರುವಾಕ್ಕಾಗಿ 50 ಇರಲ್ಲ. 50.05 ಆದರೆ ನಿಮ್ಮ ಪರದೆ ಮೇಲೆ 75, 49.95 ಆದರೆ 69. ನೋಡೋಕೆ ಥೇಟ್ ಬದುಕಿರೋ ಎದೆಯ ಬಡಿತದ ಹಾಗೇ ಇರುತ್ತದೆ.

ನಂಬಿಕೆ ಬರಬೇಕಾದರೆ ಪ್ರೋಗ್ರಾಂನಲ್ಲಿ 100 ಇದ್ದದ್ದನ್ನು 101 ಮಾಡಿ. ನಾನು ಹೇಳಿದ್ದು ನಿಜವಾದರೆ 102 ತೋರಿಸಬೇಕು.

ಹಿತ್ತಲ ಕಿಟಕಿ:
102 ತೋರಿಸಿತು. ಖಾಲಿ ಕುರ್ಚಿ, 102.

ಅಂದರೆ ಅಮ್ಮ ಕೂತಿದ್ದಾಗ ಬಂದ 72 ಕೂಡ ಅವರದ್ದಲ್ಲ. ಆವತ್ತು ರಾತ್ರಿ ಆ ನಂಬರ್ ನಂಬಿಕೊಂಡು ನೆಮ್ಮದಿಯಾಗಿ ಮಲಗಿದ್ದೆ. ಅದೇ ಈಗ ಕೊರೆಯುತ್ತಿದೆ.

ರಾತ್ರಿ ಪಾಳಿ:
ನಾನು ನರ್ಸ್. ನಿಮ್ಮ ಈ ಮಾತು ಓದಿ ಸುಮ್ನೆ ಇರೋಕೆ ಆಗಲಿಲ್ಲ. ಬಡಿತ ತೋರಿಸದ ಯಂತ್ರಕ್ಕಿಂತ ತಪ್ಪಾಗಿ ಚೆನ್ನಾಗಿರೋ ಬಡಿತ ತೋರಿಸೋ ಯಂತ್ರ ಅಪಾಯ. ತೋರಿಸದಿದ್ದರೆ ನಾವು ಎದ್ದು ಹೋಗಿ ಕೈ ಹಿಡಿದು ನಾಡಿ ನೋಡುತ್ತೇವೆ. 72 ಅಂತ ತೋರಿಸಿದರೆ ಯಾರು ಏಳುತ್ತಾರೆ? ನೀವು ಖಾಲಿ ಕುರ್ಚಿಯನ್ನು ಗಮನಿಸಿದ್ದು ದೊಡ್ಡದು. ಬೇಜಾರು ಮಾಡಿಕೊಳ್ಳಬೇಡಿ.

ತರಂಗ:
ತಪ್ಪು ಎಲ್ಲಿ ಅಂತ ಗೊತ್ತಾಯಿತು. ಈಗ ನಿಜವಾದ ಬಡಿತ ಕುರ್ಚಿಗೆ ಹೇಗೆ ತಲುಪುತ್ತದೆ ಅಂತ ಹೇಳುತ್ತೇನೆ. ಇದು ಗೊತ್ತಿದ್ದರೆ ಮುಂದಿನ ದಾರಿ ಸುಲಭ.

ಸುಮ್ಮನೆ ಕೂತ ದೊಡ್ಡವರಲ್ಲಿ ಹೃದಯ ಒಂದು ಸಲ ಹಿಂಡಿದಾಗ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಹೋಗುತ್ತದೆ. ಅದು ಮೊದಲು ಮೇಲಕ್ಕೆ ನುಗ್ಗುತ್ತದೆ, ಆಮೇಲೆ ಮಹಾಪಧಮನಿಯ ಬಾಗಿನಲ್ಲಿ ತಿರುಗಿ ಕೆಳಕ್ಕೆ ಇಳಿಯುತ್ತದೆ. ರಕ್ತ ಒಂದು ಕಡೆ ಹೋದಾಗ ಮೈ ಇನ್ನೊಂದು ಕಡೆ ಒಂಚೂರು ಸರಿಯುತ್ತದೆ. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಹೋಗುತ್ತದಲ್ಲ, ಹಾಗೆ. ಆ ಸಣ್ಣ ಸರಿದಾಟವೇ ಕುರ್ಚಿಗೆ, ಮಂಚಕ್ಕೆ ಇಳಿಯೋದು.

ಇದು ಹೊಸ ವಿಷಯ ಅಲ್ಲ. 1877ರಲ್ಲೇ ಜೆ. ಡಬ್ಲ್ಯು. ಗಾರ್ಡನ್ ಅನ್ನೋರು ಸ್ಪ್ರಿಂಗ್ ತೂಕದ ಯಂತ್ರದ ಮೇಲೆ ನಿಂತಾಗ ಮುಳ್ಳು ನಾಡಿಯ ಜೊತೆ ಜೊತೆಗೇ ಅಲುಗೋದನ್ನು ಗಮನಿಸಿ ಬರೆದರು. ಮುಳ್ಳಿನ ಹಳೆ ಯಂತ್ರ ಸಿಕ್ಕರೆ ನೀವೂ ನೋಡಿ. ಅಲುಗದೆ ನಿಂತು, ಒಂದು ಕ್ಷಣ ಉಸಿರು ಹಿಡಿದು, ಕತ್ತಿನ ನಾಡಿ ಮೇಲೆ ಬೆರಳಿಡಿ. ಬೆರಳಿಗೆ ಬಡಿತ ಸಿಕ್ಕಾಗಲೆಲ್ಲ ಮುಳ್ಳು ನಡುಗುತ್ತದೆ. ನಾನು ಮೊದಲ ಸಲ ನೋಡಿದಾಗ ಮೈ ಜುಮ್ ಅಂದಿತ್ತು. ನನ್ನ ಹೃದಯ ನನ್ನನ್ನು ಇಡಿಯಾಗಿ ಅಲುಗಿಸುತ್ತಿದೆ, ಅದು ಇಷ್ಟು ದಿನ ನನಗೇ ಗೊತ್ತಿರಲಿಲ್ಲ.

1939ರಲ್ಲಿ ಅಮೆರಿಕದ ಐಸಾಕ್ ಸ್ಟಾರ್ ಮತ್ತು ಜೊತೆಗಾರರು ಜನ ಮಲಗೋ ಮೇಜನ್ನೇ ಅಳೆಯೋ ಯಂತ್ರ ಮಾಡಿದರು. ಬ್ಯಾಲಿಸ್ಟೋಕಾರ್ಡಿಯೋಗ್ರಾಫ್ ಅಂತ ಹೆಸರು. ಅಲೆಯ ಏರಿಳಿತಗಳಿಗೆ ಎಚ್, ಐ, ಜೆ, ಕೆ ಅಂತ ಅಕ್ಷರ ಇಟ್ಟರು. ಸಾಮಾನ್ಯವಾಗಿ ಜೆ ಅನ್ನೋದೇ ಎಲ್ಲಕ್ಕಿಂತ ಎತ್ತರದ ಶಿಖರ. ಆಮೇಲೆ ಶಬ್ದದ ಅಲೆಯಿಂದ ಹೃದಯ ನೋಡೋ ಎಕೋ ಬಂತು, ಇದು ಮೂಲೆಗೆ ಸರಿಯಿತು. ಸಣ್ಣ ಸೆನ್ಸರ್, ಸಣ್ಣ ಕಂಪ್ಯೂಟರ್ ಬಂದ ಮೇಲೆ ಈಗ ಮತ್ತೆ ಜೀವ ಬಂದಿದೆ.

ಒಂದು ವ್ಯತ್ಯಾಸ ನೆನಪಿರಲಿ. ಇಸಿಜಿ ನೋಡೋದು ಹೃದಯದ ವಿದ್ಯುತ್ತನ್ನು. ಮಂಚ ನೋಡೋದು ಆ ವಿದ್ಯುತ್ ಮಾಡಿಸಿದ ಕೆಲಸವನ್ನು, ಅಂದರೆ ಪಂಪು ನಿಜವಾಗಿ ತಳ್ಳಿತಾ ಅನ್ನೋದನ್ನು. ಎರಡೂ ಬೇಕು. ಒಂದರ ಬದಲು ಇನ್ನೊಂದು ಆಗಲ್ಲ.

ಹೊಸ ಓದುಗ:
ಬಟ್ಟೆ ಮೇಲಿಂದಲೇ ಇಸಿಜಿ ತೆಗೆಯೋ ಸೀಟು ಇದೆ ಅಂತ ಕೇಳಿದ್ದೆ. ಅದು ಬೇರೆನಾ? ರೇಡಾರ್ ಅಂತಲೂ ಹೇಳುತ್ತಾರೆ.

ತರಂಗ:
ಬೇರೆ. ಮೈ ಒಂದು ತಟ್ಟೆ, ಸೀಟಿನೊಳಗಿನ ಲೋಹ ಇನ್ನೊಂದು ತಟ್ಟೆ, ಮಧ್ಯೆ ಬಟ್ಟೆ. ಮೂರೂ ಸೇರಿ ಕೆಪಾಸಿಟರ್ ಆಗುತ್ತದೆ, ಅದರ ಮೂಲಕ ಹೃದಯದ ವಿದ್ಯುತ್ ಸಿಗುತ್ತದೆ. 2011ರಲ್ಲಿ ಫೋರ್ಡ್ ಕಂಪನಿ ಮತ್ತು ಜರ್ಮನಿಯ ಆಹೆನ್ ವಿಶ್ವವಿದ್ಯಾಲಯ ಸೇರಿ ಇಂಥ ಕಾರ್ ಸೀಟು ತೋರಿಸಿದ್ದವು, ಒರಗೋ ಭಾಗದಲ್ಲಿ 6 ಸೆನ್ಸರ್. ಕಷ್ಟ ಎಲ್ಲಿ ಅಂದರೆ ದಪ್ಪ ಬಟ್ಟೆ ಹಾಕಿದರೆ, ಸ್ವಲ್ಪ ಮುಂದಕ್ಕೆ ಬಾಗಿದರೆ ಸಿಗ್ನಲ್ ಹೋಗಿಬಿಡುತ್ತದೆ. ಸಿಂಥೆಟಿಕ್ ಬಟ್ಟೆ ಉಜ್ಜಿದಾಗ ಹುಟ್ಟೋ ಕರೆಂಟೇ ಜಾಸ್ತಿ ಆಗುತ್ತದೆ.

ರೇಡಾರ್ ಎದೆ ಅಲುಗೋದನ್ನು ದೂರದಿಂದ ನೋಡುತ್ತದೆ. 60 ಗಿಗಾಹರ್ಟ್ಜ್ ಅಲೆಯ ಉದ್ದ 5 ಮಿಲಿಮೀಟರ್. ಬಡಿತಕ್ಕೆ ಎದೆ ಅಲುಗೋದು ಒಂದು ಮಿಲಿಮೀಟರಿಗಿಂತಲೂ ಕಡಿಮೆ, ಉಸಿರಿಗೆ ಅದರ ಹಲವು ಪಟ್ಟು. ಮನೆಯಲ್ಲಿ ಮೊದಲ ಸಲ ಮಾಡೋರಿಗೆ ನಾನು ಅದನ್ನು ಹೇಳಲ್ಲ.

ಬೆಸುಗೆ ಕಡ್ಡಿ:
ಕಿಟಕಿ ಅವರೇ, ಪೀಜೋ ಬಿಟ್ಟು ಲೋಡ್ ಸೆಲ್ ಕಡೆ ಬನ್ನಿ ಅಂತ ನನ್ನ ಸಲಹೆ. ಪೀಜೋ ಕೆಟ್ಟದ್ದಲ್ಲ. ತೆಳು ಪಟ್ಟಿಯ ಥರದ್ದು ಹಾಸಿಗೆ ಕೆಳಗೆ ಎದೆಯ ನೇರಕ್ಕೆ ಅಡ್ಡಲಾಗಿ ಹಾಕಿದರೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಅದರಲ್ಲಿ ಹುಟ್ಟಿದ ಚಾರ್ಜ್ ಸೋರಿ ಹೋಗುತ್ತದೆ. ಹಾಗಾಗಿ ಬದಲಾವಣೆ ಮಾತ್ರ ಗೊತ್ತಾಗುತ್ತದೆ, ಮೇಲೆ ಯಾರಾದರೂ ಇದ್ದಾರಾ ಇಲ್ವಾ ಅಂತ ಗೊತ್ತಾಗಲ್ಲ. ಲೋಡ್ ಸೆಲ್ ತೂಕವನ್ನೇ ಹೇಳುತ್ತದೆ. ತೂಕ ಇಲ್ಲ ಅಂದರೆ ಮಂಚ ಖಾಲಿ, ಮುಂದಿನ ಲೆಕ್ಕವೇ ಬೇಡ. ನಿಮಗೆ ಆದ ಮೋಸ ಅಲ್ಲಿಗೇ ನಿಲ್ಲುತ್ತದೆ.

ಮಂಚದ ನಾಲ್ಕು ಕಾಲಿಗೆ ನಾಲ್ಕು. ಎಚ್‌ಎಕ್ಸ್ 711 ಅನ್ನೋ ಚಿಪ್ ಇರೋ ಬೋರ್ಡ್ ಸಾಕು. ಆದರೆ ಸಾಮಾನ್ಯವಾಗಿ ಅದು ಸೆಕೆಂಡಿಗೆ 10 ಸಲ ಓದೋ ಹಾಗೆ ಜೋಡಿಸಿ ಬರುತ್ತದೆ. ಚಿಪ್ಪಿನಲ್ಲಿ ರೇಟ್ ಅಂತ ಒಂದು ಪಿನ್ ಇದೆ, ಅದನ್ನು ಮೇಲಿನ ವೋಲ್ಟೇಜಿಗೆ ಕಟ್ಟಿದರೆ 80 ಸಲ ಓದುತ್ತದೆ. 80 ಬೇಕೇ ಬೇಕು. ಓದಿದ ಸಮಯವನ್ನೂ ಪಕ್ಕದಲ್ಲೇ ಬರೆದಿಡಿ, ಇಷ್ಟೇ ಇರುತ್ತದೆ ಅಂತ ಊಹಿಸಬೇಡಿ. ವೈರು ಚಿಕ್ಕದಿರಲಿ, ಎರಡೆರಡು ಹೊಸೆದಿರಲಿ. ಮಂಚದ ಹತ್ತಿರ ಬ್ಯಾಟರಿ ವೋಲ್ಟೇಜು ಮಾತ್ರ, ಗೋಡೆಯ ಕರೆಂಟು ಯಾವ ಕಾರಣಕ್ಕೂ ಬೇಡ.

ಉಳಿ ಸುತ್ತಿಗೆ:
ಮರಗೆಲಸದವನ ಮಾತು ಒಂದು ಸೇರಿಸುತ್ತೇನೆ. ನಾಲ್ಕು ಕಾಲಿನ ಮಂಚ ಅಂದರೂ ಎಷ್ಟೋ ಸಲ ಭಾರ ಹೊರೋದು ಮೂರೇ ಕಾಲು. ನಾಲ್ಕನೆಯದು ನೆಲಕ್ಕೆ ಮುಟ್ಟಿದ ಹಾಗೆ ಕಾಣುತ್ತದೆ ಅಷ್ಟೇ. ಒಂದು ಕಾಗದದ ಚೂರನ್ನು ಪ್ರತಿ ಕಾಲಿನ ಕೆಳಗೆ ತೂರಿಸಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಕಾಲು ತೇಲುತ್ತಿದೆ. ಅಲ್ಲಿ ತೆಳು ಪಟ್ಟಿ ಕೊಟ್ಟು ಬಿಗಿ ಮಾಡಿ. ಕೂಡುಗಳ ಸ್ಕ್ರೂ ಬಿಗಿ ಮಾಡಿ. ಅಳ್ಳಕದ ಕೂಡು ಬಡಿತವನ್ನು ನುಂಗಿಬಿಡುತ್ತದೆ, ಮೇಲಿಂದ ತನ್ನದೊಂದು ಕಿರುಗುಟ್ಟುವಿಕೆ ಸೇರಿಸುತ್ತದೆ. ತಲೆಯ ಕಡೆ ಮಂಚ ಗೋಡೆಗೆ ತಾಗಿದ್ದರೆ ಒಂದು ಅಂಗೈ ಅಗಲ ಈಚೆ ಎಳೆಯಿರಿ, ತಾಗಿದ್ದರೆ ಗೋಡೆಯೂ ಒಂದಿಷ್ಟು ಭಾರ ಹೊರುತ್ತದೆ. ಹಾಸಿಗೆ ಮೆತ್ತಗಿದ್ದಷ್ಟೂ ಸಣ್ಣ ಅದುರು ಕೆಳಗೆ ಇಳಿಯೋದು ಕಡಿಮೆ.

ಹಿತ್ತಲ ಕಿಟಕಿ:
ಕಾಗದ ತೂರಿಸಿದೆ. ಕಾಲ ಕಡೆಯ ಎಡಗಾಲು ತೇಲುತ್ತಿತ್ತು! ಸರಿ ಮಾಡಿದೆ. ನಾಲ್ಕು ಸೆಲ್ ಕೂರಿಸಿ, ಮೊದಲು ನಾನೇ ಮಲಗಿದೆ. ಖಾಲಿ ಇದ್ದಾಗ ಪರದೆಯೂ ಖಾಲಿ. ಅಬ್ಬಾ ಅನ್ನಿಸಿತು.

ಮಲಗಿದರೆ ದೊಡ್ಡ ದೊಡ್ಡ ನಿಧಾನದ ಅಲೆ ಬರುತ್ತದೆ, ಅದು ಉಸಿರು ಅಂತ ಗೊತ್ತಾಯಿತು. ಅದರ ಬೆನ್ನ ಮೇಲೆ ಸಣ್ಣ ಸಣ್ಣ ಮುಳ್ಳು. ಉಸಿರು ಹಿಡಿದರೆ ಮುಳ್ಳುಗಳಷ್ಟೇ ಉಳಿಯುತ್ತವೆ, ತುಂಬಾ ಚೆಂದ ಕಾಣುತ್ತವೆ. ಆದರೆ ನಂಬರ್ ನಿಲ್ಲುತ್ತಿಲ್ಲ. ಬೆರಳಿನ ಕ್ಲಿಪ್ 66 ಅಂದಾಗ ಇದು ಒಮ್ಮೆ 66, ಒಮ್ಮೆ 132, ಒಮ್ಮೆ 72 ಅನ್ನುತ್ತದೆ.

ತರಂಗ:
66 ಸರಿ. ಉಳಿದ ಎರಡಕ್ಕೂ ಕಾರಣ ಬೇರೆ ಬೇರೆ.

132 ಅಂದರೆ 66ರ ಎರಡರಷ್ಟು. ಒಂದು ಬಡಿತದಲ್ಲಿ ಜೆ ಒಂದೇ ಶಿಖರ ಅಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದು ನಿಂತರೆ ಪ್ರೋಗ್ರಾಂ ಎರಡು ಬಡಿತ ಅಂತ ಎಣಿಸುತ್ತದೆ. ಹಿಂದಿನ ನಿಮಿಷ 66 ಇದ್ದದ್ದು ಥಟ್ಟನೆ ಸರಿಯಾಗಿ ದುಪ್ಪಟ್ಟಾದರೆ ಮೊದಲು ಎಣಿಕೆಯ ಮೇಲೇ ಅನುಮಾನ ಪಡಿ. ಅರ್ಧ ಮಾಡಿ ತೋರಿಸಬೇಡಿ, ಆ ನಿಮಿಷವನ್ನು ಬಿಟ್ಟುಬಿಡಿ. ನಿಜವಾಗಿಯೂ ಏರಿದ್ದರೂ ಏರಿರಬಹುದಲ್ವಾ?

72 ನಿಮ್ಮ ಉಸಿರಿಂದ ಬಂದಿರಬಹುದು. ನಿಮಿಷಕ್ಕೆ 18 ಸಲ ಉಸಿರಾಡಿದರೆ ಅದರ ನಾಲ್ಕರಷ್ಟು 72. ಉಸಿರಿನ ಅಲೆ ನಯವಾದ ಅಲೆ ಅಲ್ಲ, ಅದರ ಮೂರರಷ್ಟು, ನಾಲ್ಕರಷ್ಟು ವೇಗದ ಚೂರುಗಳು ಎದೆಬಡಿತದ ಜಾಗಕ್ಕೇ ಬಂದು ಕೂರುತ್ತವೆ. ಇದಕ್ಕೆ ಉಸಿರನ್ನೂ ಬೇರೆಯಾಗಿ ಎಣಿಸಿ, ಸಿಕ್ಕ ಬಡಿತ ಅದರ ಸರಿಯಾದ ಗುಣಕವಾ ಅಂತ ನೋಡಿ. 2 ಹರ್ಟ್ಜ್‌ಗಿಂತ ಕೆಳಗಿನದ್ದನ್ನು ಪೂರ್ತಿ ಸೋಸಿ, ಉಳಿದ ಅಲೆ ತನ್ನನ್ನು ತಾನು ಎಷ್ಟು ಹೊತ್ತಿಗೆ ಪುನಃ ಹೋಲುತ್ತದೆ ಅಂತ ಹುಡುಕೋದು ಇನ್ನೂ ಒಳ್ಳೆಯದು. ಬಡಿತದ ಚೂಪು ಮೇಲಿನ ವೇಗದಲ್ಲೂ ಇರುತ್ತದೆ, ಉಸಿರಿನದ್ದು ಅಲ್ಲಿ ಹೆಚ್ಚು ಉಳಿಯಲ್ಲ.

ಇನ್ನೊಂದು. ಎಫ್‌ಎಫ್‌ಟಿ (ಅಲೆಯಲ್ಲಿ ಯಾವ ಯಾವ ವೇಗದ ಲಯ ಎಷ್ಟಿದೆ ಅಂತ ಬಿಡಿಸೋ ಲೆಕ್ಕ) ಮಾಡೋದಾದರೆ 10 ಸೆಕೆಂಡಿನ ತುಂಡಿನಲ್ಲಿ ಮೆಟ್ಟಿಲು 6 ಬಡಿತದಷ್ಟು ದಪ್ಪ ಇರುತ್ತದೆ. 30 ಸೆಕೆಂಡಿನಲ್ಲಿ 2. ಆದರೆ ಅಷ್ಟು ಹೊತ್ತು ಅಲುಗದೆ ಮಲಗಿರಬೇಕು.

ಮುಖ್ಯವಾದದ್ದು ಹೋಲಿಕೆಯ ಅಳತೆ. ಅಲೆ ತನ್ನನ್ನು ಚೆನ್ನಾಗಿ ಹೋಲುತ್ತಿದ್ದರೆ ಮಾತ್ರ ನಂಬರ್ ಕೊಡಿ. ಇಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ. ಮಗ್ಗುಲು ಬದಲಿಸಿದಾಗ, ಕೆಮ್ಮಿದಾಗ, ಇನ್ನೊಬ್ಬರು ಮಂಚದ ಮೇಲೆ ಕೂತಾಗ ಗೊತ್ತಿಲ್ಲ ಅನ್ನೋದೇ ಸರಿಯಾದ ಉತ್ತರ.

ರಾತ್ರಿ ಪಾಳಿ:
ಆ ಕೊನೆಯ ಸಾಲಿಗೆ ನನ್ನದೂ ಒಂದು ಕೈ.

ಮತ್ತೆ ಅಲಾರಾಂ ಇಡಬೇಡಿ. ರಾತ್ರಿ ನಾಲ್ಕು ಸಲ ಸುಳ್ಳು ಕೂಗಿದರೆ ಐದನೇ ಸಲ ನೀವು ಏಳಲ್ಲ. ವಾರ್ಡಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಇದನ್ನು ದಿನದಿಂದ ದಿನಕ್ಕೆ ಆಗೋ ಏರಿಳಿತ ನೋಡೋಕೆ ಬಳಸಿ. ಗಾಢ ನಿದ್ದೆಯ ಹೊತ್ತಿನ ಬಡಿತ ಹದಿನೈದು ದಿನದಿಂದ ಮೆಲ್ಲಗೆ ಏರುತ್ತಿದೆಯಾ, ಉಸಿರು ಜಾಸ್ತಿ ಆಗುತ್ತಿದೆಯಾ ಅನ್ನೋದನ್ನು ಡಾಕ್ಟರಿಗೆ ತೋರಿಸಿದರೆ ಉಪಯೋಗ ಇದೆ.

ಬಡಿತದ ಲಯವೇ ಅಡ್ಡಾದಿಡ್ಡಿ ಆಗೋ ಕಾಯಿಲೆ ಇದೆ, ಏಟ್ರಿಯಲ್ ಫಿಬ್ರಿಲೇಷನ್. ಅದರಲ್ಲಿ ಕೆಲವು ಬಡಿತ ಎಷ್ಟು ಸಣ್ಣಗಿರುತ್ತವೆ ಅಂದರೆ ಮಣಿಕಟ್ಟಿನ ನಾಡಿಗೂ ಸಿಗಲ್ಲ. ಅದಕ್ಕೇ ನಾವು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸೋದು. ನಿಮ್ಮ ಮಂಚಕ್ಕೂ ಅವು ತಪ್ಪಿಹೋಗಬಹುದು. ಜೊತೆಗೆ, ಅಲೆ ತನ್ನನ್ನು ತಾನು ಹೋಲಬೇಕು ಅನ್ನೋ ಲೆಕ್ಕವೇ ಇಂಥವರಲ್ಲಿ ಕೈಕೊಡುತ್ತದೆ. ಅಲುಗದೆ ಮಲಗಿದ್ದಾಗಲೂ ರಾತ್ರಿಯೆಲ್ಲ ಗೊತ್ತಿಲ್ಲ ಅಂತಲೇ ಬಂದರೆ ಅದನ್ನೂ ಡಾಕ್ಟರಿಗೆ ಹೇಳಿ. ಎದೆನೋವು, ಉಸಿರು ಸಿಗದಿರೋದು, ಕಣ್ಣು ಕತ್ತಲೆ ಬಂದರೆ ಪರದೆ ನೋಡುತ್ತಾ ಕೂರಬೇಡಿ. ಕರೆದುಕೊಂಡು ಓಡಿ.

ನೆರಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಮ್ಮನಿಗೆ ಹೇಳಿದ್ದೀರಾ? ವಾಚ್ ಬೇಡ ಅಂದರೆ ಬಿಚ್ಚಿಡಬಹುದು. ಮಂಚವನ್ನು ಹೇಗೆ ಬಿಚ್ಚಿಡೋದು? ಮೈಗೆ ತಾಗಲ್ಲ ಅನ್ನೋದೇ ಇದರ ಗುಣ, ಆದರೆ ತಾಗದ್ದರಿಂದಲೇ ಅದು ಅಲ್ಲಿದೆ ಅನ್ನೋದು ಮರೆತುಹೋಗುತ್ತದೆ. ಬಂದ ನೆಂಟರು ಅದರ ಮೇಲೆ ಮಲಗಿದರೆ ಅವರದ್ದೂ ದಾಖಲಾಗುತ್ತದೆ. ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಸಲ ಎದ್ದರು ಎಲ್ಲ ಗೊತ್ತಾಗುತ್ತದೆ. ಬಡಿತ ಎಣಿಸೋಕೆ ಅಂತ ಇಟ್ಟದ್ದು ಕಾವಲು ಆಗಿಬಿಡಬಾರದು.

ಹಿತ್ತಲ ಕಿಟಕಿ:
ನೇರವಾಗಿ ಹೇಳುತ್ತೇನೆ, ಮಂಚದ್ದು ಹೇಳಿರಲಿಲ್ಲ. ಕುರ್ಚಿಯದ್ದು ಅವರಿಗೆ ಗೊತ್ತಿತ್ತು, ಮಂಚಕ್ಕೆ ಬೇರೆ ಯಾಕೆ ಕೇಳಬೇಕು ಅಂತ ಅಂದುಕೊಂಡಿದ್ದೆ. ನಿಮ್ಮದು ಓದಿದ ಮೇಲೆ ಹೋಗಿ ಹೇಳಿದೆ. ಕಾಲಿನ ಕೆಳಗಿನ ಸೆಲ್ ತೋರಿಸಿದೆ. ಅವರು ಬಡಿತದ ಬಗ್ಗೆ ಏನೂ ಕೇಳಲಿಲ್ಲ. "ರಾತ್ರಿ ನಾನು ಎದ್ದದ್ದೂ ಗೊತ್ತಾಗುತ್ತಾ?" ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಾಗಲಿ. ಆದರೆ ಯಾಕೆ ಎದ್ದೆ ಅಂತ ಬೆಳಿಗ್ಗೆ ಕೇಳಬೇಡ" ಅಂದರು.

ಕೇಳಲ್ಲ ಅಂತ ಮಾತು ಕೊಟ್ಟೆ. ದಿಂಬಿನ ಪಕ್ಕ, ಅವರ ಕೈಗೆ ಸಿಗೋ ಹಾಗೆ ಒಂದು ದೊಡ್ಡ ಸ್ವಿಚ್ಚೂ ಹಾಕಿದೆ. ಅಂಕಿಗಳು ಮನೆಯೊಳಗಿನ ಒಂದು ಕಂಪ್ಯೂಟರಿನಲ್ಲೇ ಇರುತ್ತವೆ, ಹೊರಗೆ ಹೋಗಲ್ಲ.

ಬೆಸುಗೆ ಕಡ್ಡಿ:
ಒಳ್ಳೆಯದು. ಬೆರಳಿನ ಕ್ಲಿಪ್ ಜೊತೆ ಒಂದು ಸಲ ಹೋಲಿಸಿ ನೋಡಿ. ಸರಾಸರಿ ಎರಡೂ ಒಂದೇ ಬಂತು ಅಂತ ಬಿಡಬೇಡಿ. ಒಮ್ಮೆ 10 ಜಾಸ್ತಿ, ಒಮ್ಮೆ 10 ಕಡಿಮೆ ತೋರಿಸಿದರೂ ಸರಾಸರಿ ಸರಿಯಾಗೇ ಬರುತ್ತದೆ. ಪ್ರತಿ ನಿಮಿಷದ ವ್ಯತ್ಯಾಸ ಬರೆಯಿರಿ, ಎಷ್ಟು ಚದುರಿದೆ ನೋಡಿ. ಎಷ್ಟು ನಿಮಿಷ ಬಿಟ್ಟುಹೋಯಿತು ಅನ್ನೋದನ್ನೂ ಪಕ್ಕದಲ್ಲೇ ಬರೆಯಿರಿ. ಕಷ್ಟದ ನಿಮಿಷ ಎಲ್ಲ ಬಿಟ್ಟು ಸುಲಭದ್ದು ಮಾತ್ರ ಹೋಲಿಸಿದರೆ ಯಾವ ಸೆನ್ಸರಾದರೂ ಚೆನ್ನಾಗೇ ಕಾಣುತ್ತದೆ.

ಹಿತ್ತಲ ಕಿಟಕಿ:
ಎಂಟು ದಿನ ಆಯಿತು. ಕ್ಲಿಪ್ ಹಾಕಿಸಿಕೊಂಡು ಅಮ್ಮ ಅರ್ಧ ಗಂಟೆ ಮಲಗಿದರು, ನನಗೋಸ್ಕರ. 30 ನಿಮಿಷದಲ್ಲಿ 21 ನಿಮಿಷಕ್ಕೆ ಮಂಚ ನಂಬರ್ ಕೊಟ್ಟಿತು, 9 ನಿಮಿಷ ಗೊತ್ತಿಲ್ಲ ಅಂದಿತು. ಕೊಟ್ಟ 21ರಲ್ಲಿ ಕ್ಲಿಪ್‌ಗೂ ಅದಕ್ಕೂ ಜಾಸ್ತಿ ಅಂದರೆ 3ರ ವ್ಯತ್ಯಾಸ. ಒಂದೇ ಒಂದು ಸಲ ಮಾತ್ರ 7. ಆಗ ಅವರು ನನ್ನ ಜೊತೆ ಮಾತಾಡುತ್ತಿದ್ದರು.

ಕುರ್ಚಿಯ ಬಿಲ್ಲೆ ತೆಗೆದುಬಿಟ್ಟೆ.

ನಿನ್ನೆ ರಾತ್ರಿಯ ಗ್ರಾಫ್ ಈಗ ಎದುರಿಗಿದೆ. ಹನ್ನೊಂದರಿಂದ ಒಂದೂವರೆವರೆಗೆ 60ರ ಆಸುಪಾಸಿನಲ್ಲಿ ಶಾಂತವಾದ ಗೆರೆ, ಮಧ್ಯೆ ಮಧ್ಯೆ ಮಗ್ಗುಲು ಬದಲಿಸಿದ ಕಡೆ ತುಂಡಾಗಿದೆ. 2 ಗಂಟೆ 10 ನಿಮಿಷಕ್ಕೆ ತೂಕ ಸೊನ್ನೆ. 2 ಗಂಟೆ 50ಕ್ಕೆ ಮತ್ತೆ ತೂಕ, ಆಮೇಲೆ ಮೊದಲಿಗಿಂತ ಸ್ವಲ್ಪ ಮೇಲೆ ಗೆರೆ, ಮೆಲ್ಲಗೆ ಇಳಿದು ನಾಲ್ಕರ ಹೊತ್ತಿಗೆ ಮತ್ತೆ 60.

ನಲವತ್ತು ನಿಮಿಷ ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ ನನಗೆ ಗೊತ್ತಿಲ್ಲ. ಬೆಳಿಗ್ಗೆ ಕೇಳಲಿಲ್ಲ.